ಶುದ್ಧ ಸಸ್ಯಾಹಾರಿಗಳು ಬೇಯಿಸಿದ ಮೀನು

ಮಾಕಳಿಯ ನಮ್ಮ ಕಾರ್ಖಾನೆಯಲ್ಲಿ ಓವನ್ ತಯಾರಾಗುತ್ತಿತ್ತು. ಹೋಟೆಲಿಗೆ, ಬೇಕರಿಗೆ, ಕಂಪನಿಗಳ ಕ್ಯಾಂಟೀನಿಗೆ ಬೇಕಾಗುವ ಆಳೆತ್ತರದ ಓವನ್. ಗೇಟಿನ ಪಕ್ಕ ಒಂದು ಬೋರ್ಡು: ‘ಈ ಆವರಣದಲ್ಲಿ ಮಾಂಸ, ಮೀನು, ಮೊಟ್ಟೆ ನಿಷಿದ್ಧ.’ ಹಾಗಾಗಿ ಮೊಟ್ಟೆಯಿಲ್ಲದ ಕೇಕು ಬೇಯಿಸಿಯೇ ಪ್ರತಿ ಓವನನ್ನೂ ಪರೀಕ್ಷೆ ಮಾಡುತ್ತಿದ್ದೆವು. ಆ ಕೇಕನ್ನು ಗೋಡೆಗೆ ಎಸೆದರೆ ಗಾರೆ ಉದುರುತ್ತಿತ್ತು, ಕೇಕಿಗೆ ಏನೂ ಆಗುತ್ತಿರಲಿಲ್ಲ.

ನಾನು ಆಫೀಸಿನ ಗುಮಾಸ್ತ ಶ್ಯಾಮಣ್ಣ. ಹಾಜರಿ, ರಜೆ, ಮೆಮೊ ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಕೆಲಸದ ಅರ್ಜಿಯಲ್ಲಿ ‘ಆಹಾರ ಪದ್ಧತಿ’ ಅಂತ ಒಂದು ಕಾಲಂ ಇತ್ತು. ಕೆಲಸ ಬೇಕಿದ್ದವರೆಲ್ಲ ಅಲ್ಲಿ ಸಸ್ಯಾಹಾರಿ ಎಂದು ಬರೆದಿದ್ದೆವು. ಭಾನುವಾರ ನಮ್ಮ ಮನೆಯ ಒಲೆಯ ಮೇಲೆ ಮೀನಿನ ಸಾರು ಕುದಿಯುವಾಗ ಬೀದಿಯ ಬೆಕ್ಕುಗಳೆಲ್ಲ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿರುತ್ತವೆ, ಅದು ಬೇರೆ ಮಾತು.

ಆ ಕಾಲಂನಲ್ಲಿ ನಿಜ ಬರೆದವಳು ಪ್ಯಾಕಿಂಗ್ ವಿಭಾಗದ ಚನ್ನಕ್ಕ ಒಬ್ಬಳೇ. ಬೀಳಗಿ ಕಡೆಯವಳು, ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಬೆಳೆದವಳು. ಒಮ್ಮೆ ರೊಟ್ಟಿ ಜೊತೆ ಒಣಮೀನಿನ ಚಟ್ನಿ ತಂದು ಊಟದ ಡಬ್ಬಿ ತೆರೆದಿದ್ದಕ್ಕೆ ‘ಆಕ್ಷೇಪಾರ್ಹ ವಾಸನೆ’ ಎಂದು ಮೆಮೊ ತಿಂದಿದ್ದಳು. ಟೈಪ್ ಮಾಡಿದವನು ನಾನೇ. ಇನ್ನೊಂದು ಮೆಮೊ ಬಂದರೆ ಕೆಲಸ ಹೋಗುತ್ತಿತ್ತು. ನಾಲ್ಕು ವರ್ಷ ಗುತ್ತಿಗೆಯಲ್ಲಿ ದುಡಿದ ಮೇಲೆ, ಮುಂದಿನ ತಿಂಗಳು ಕಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದಾಗಿತ್ತು. ಆ ಹೆಸರು ಅಳಿಸಿಹೋಗದಿರಲಿ ಎಂದು ಅವಳು ಊಟದ ಹೊತ್ತಿನಲ್ಲಿ ಬರೀ ಮೊಸರನ್ನ ತಿನ್ನುತ್ತಿದ್ದಳು.

2012ರ ಮಾತು. ವೈಟ್‌ಫೀಲ್ಡಿನ ಕಂಪನಿಗಳಿಗೆಲ್ಲ ಊಟ ಒದಗಿಸುವ ಗುತ್ತಿಗೆದಾರನೊಬ್ಬ ನಲವತ್ತು ಓವನ್ ಬೇಕೆಂದ. ನಮ್ಮ ಕೇಕನ್ನು ಕೈಯಲ್ಲಿ ಹಿಡಿದು ನೋಡಿ, ತಿನ್ನದೆ ಕೆಳಗಿಟ್ಟ. ‘ಗುರುವಾರ ಬರ್ತೀನಿ. ಎರಡು ಕೆಜಿಯ ರೋಹು ಮೀನು ಇಡಿಯಾಗಿ ಬೇಯಿಸಿ ತೋರಿಸಿ. ಹೊರಗೆ ಸೀಯಬಾರದು, ಒಳಗೆ ಹಸಿ ಇರಬಾರದು,’ ಎಂದು ಹೇಳಿ ಹೋದ.

ನಮ್ಮ ಎಂ.ಡಿ. ಪರಮಾನಂದ ಸಾರ್ ಆವತ್ತೇ ಧರ್ಮವನ್ನು ತಿದ್ದಿದರು. ಮೀನು ಓವನ್ನಿನೊಳಗೆ ಹೋದರೆ ಅದು ಆಹಾರವಲ್ಲ, ಟೆಸ್ಟ್ ಪೀಸ್ ಎಂದರು. ಕ್ವಾಲಿಟಿ ಮ್ಯಾನೇಜರ್ ಚಿರಂಜೀವಿ ಮೀಟಿಂಗ್ ಕರೆದು, ಮೀನು ಬೇಯಿಸಿ ಗೊತ್ತಿರುವವರು ಯಾರು ಎಂದು ಕೇಳಿದರು. ಅವರೂ ಸೇರಿ ಹನ್ನೊಂದು ಜನ ಕೂತಿದ್ದೆವು. ಮೀನಿಗೆ ಕಾಲಿದೆಯೋ ಇಲ್ಲವೋ ಎಂಬುದೂ ತಿಳಿಯದ ಹಾಗೆ ಹನ್ನೊಂದು ಜನವೂ ಮುಖ ಮಾಡಿಕೊಂಡೆವು.

ಬುಧವಾರದ ಪ್ರಯೋಗಕ್ಕೆ ಮೀನು ಐಸ್‌ಪೆಟ್ಟಿಗೆಯಿಂದ ಇಟ್ಟಿಗೆಯ ಹಾಗೆ ಬಂತು. ಚಿರಂಜೀವಿ ಅದನ್ನು ಹಾಗೇ ಒಳಗಿಟ್ಟು ಇನ್ನೂರೈವತ್ತು ಡಿಗ್ರಿ ಕೊಟ್ಟರು. ಹೊರಬಂದಾಗ ಚರ್ಮ ಇದ್ದಿಲು, ಹೊಟ್ಟೆಯೊಳಗೆ ಇನ್ನೂ ಐಸು. ‘ಹೀಟ್ ಡಿಸ್ಟ್ರಿಬ್ಯೂಷನ್ ಪರವಾಗಿಲ್ಲ, ಮೆಟೀರಿಯಲ್ ಸರಿಯಿಲ್ಲ,’ ಎಂದು ತೀರ್ಪು ಕೊಟ್ಟರು. ತಪ್ಪು ಮೀನಿನದು.

ನನಗೆ ತಡೆಯಲಾಗಲಿಲ್ಲ. ಆರ್ಡರ್ ತಪ್ಪಿದರೆ ನನ್ನ ಕುರ್ಚಿಯೂ ಅಲ್ಲಾಡುತ್ತಿತ್ತು. ಕ್ಯಾಂಟೀನಿನ ಹಿಂದೆ ಚನ್ನಕ್ಕನನ್ನು ಹಿಡಿದು ಮೆಲ್ಲಗೆ ಕೇಳಿದೆ.

‘ಮೊದಲ ಐಸ್ ಪೂರಾ ಬಿಡಸ್ರಿ ಸರ,’ ಎಂದಳು. ‘ಅರಿವಿಲೆ ಒರಸಿ ನೀರ ತಗೀರಿ. ಎರಡೂ ಮಗ್ಗಲ ಗೀರ ಹಾಕಿ ಉಪ್ಪು, ಅರಿಶಿಣ, ಖಾರ ತುಂಬ್ರಿ. ಬೆಂಕಿ ಇನ್ನೂರರ ಮ್ಯಾಲ ಬ್ಯಾಡ. ಗಡಿಯಾರ ನಂಬಬ್ಯಾಡ್ರಿ. ತಲಿ ಹಿಂದ ದಪ್ಪ ಇರತೈತಲ್ಲ, ಅಲ್ಲಿ ಎಲುಬಿನತನಾ ಬಿಡಿಸಿ ನೋಡ್ರಿ. ಮಾಂಸ ಬೆಳ್ಳಗಾಗಿ ಎಲುಬು ಬಿಟ್ಟಿದ್ರ ಬೆಂದಂಗ. ಗಾಜಿನಂಗ ಹೊಳದ್ರ ಹಸಿ.’

ಇದನ್ನೆಲ್ಲ ‘ನೆಟ್‌ನಲ್ಲಿ ಓದಿದೆ ಸಾರ್’ ಎಂದು ಚಿರಂಜೀವಿಗೆ ಒಪ್ಪಿಸಿದೆ. ನೆಟ್ ಎಂದ ಕೂಡಲೇ ಅವರಿಗೆ ಭಕ್ತಿ ಬಂತು, ಕಂಪ್ಯೂಟರಿನಲ್ಲಿ ಸಾಲಾಗಿ ಟೈಪ್ ಮಾಡಿಕೊಂಡರು. ಎಲುಬಿನ ತನಕ ಬಿಡಿಸಿ ನೋಡುವ ಸಾಲನ್ನು ಮಾತ್ರ ಅಳಿಸಿದರು. ‘ಕಸ್ಟಮರ್ ಮುಂದೆ ಪೀಸ್ ಡ್ಯಾಮೇಜ್ ಮಾಡೋಕಾಗಲ್ಲ ಕಣ್ರೀ. ಇಪ್ಪತ್ತೈದು ನಿಮಿಷ, ಟೈಮರ್ ಇದೆ,’ ಎಂದರು.

ಗುರುವಾರ ಗುತ್ತಿಗೆದಾರ ಬಂದು ಕೂತ. ಆಗ ಎದ್ದ ತೊಂದರೆ ಒಂದೇ: ಎಂ.ಡಿ.ಯವರ ಕಣ್ಣೆದುರಿಗೆ ಮೀನು ಮುಟ್ಟುವವರು ಯಾರು? ಹನ್ನೊಂದು ಜೊತೆ ಕೈ ಜೇಬಿಗೆ ಇಳಿದವು. ಕೊನೆಗೆ ಚನ್ನಕ್ಕನನ್ನು ಕರೆಸಿದರು. ಅವಳು ಮೀನಿಗೆ ಗೀರು ಹಾಕಿ, ಉಪ್ಪು ಖಾರ ತುಂಬಿ, ಟ್ರೇ ಒಳಗಿಟ್ಟು ಗೋಡೆಗೆ ಒತ್ತಿಕೊಂಡು ನಿಂತಳು.

ಟೈಮರ್ ಬಡಿಯಿತು. ಮೀನು ನೋಡಲು ಹೊಂಬಣ್ಣ, ಘಮಘಮ. ಚಿರಂಜೀವಿ ತಟ್ಟೆಗೆ ಹಾಕಲು ಸನ್ನೆ ಮಾಡಿದರು. ಚನ್ನಕ್ಕ ಅಲುಗಾಡಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಫ್ಯಾನು ನೋಡಿದೆ.

‘ಬೆಂದಿಲ್ರಿ ಸರ,’ ಎಂದಳು.

ಎಂ.ಡಿ.ಯವರ ನಗು ಹಾಗೇ ನಿಂತುಬಿಟ್ಟಿತು. ಗುತ್ತಿಗೆದಾರ ಮುಂದೆ ಬಾಗಿ, ‘ಹೇಗೆ ಗೊತ್ತಾಯ್ತಮ್ಮ?’ ಎಂದ. ಅವಳು ಬೆನ್ನಿನ ರೆಕ್ಕೆ ಹಿಡಿದು ಎಳೆದಳು, ಬರಲಿಲ್ಲ. ಚಾಕುವಿನಿಂದ ತಲೆಯ ಹಿಂದೆ ಬಿಡಿಸಿ ತೋರಿಸಿದಳು. ಎಲುಬಿನ ಹತ್ತಿರ ಮಾಂಸ ಗಾಜಿನ ಹಾಗೆ ಹೊಳೆಯುತ್ತಿತ್ತು. ‘ಇನ್ನಾ ಹತ್ತು ನಿಮಿಷ ಇಡೋಣ್ರಿ. ಓವನ್ ಚಲೋ ಐತ್ರಿ, ಗಡಬಡಿ ಮಾಡೇವಿ ಅಷ್ಟ,’ ಎಂದಳು. ಓವನ್ನಿನ ಮರ್ಯಾದೆಯನ್ನೂ ಅವಳೇ ಉಳಿಸಿದಳು.

ಹತ್ತು ನಿಮಿಷದ ಮೇಲೆ ರೆಕ್ಕೆ ಮುಟ್ಟಿದರೆ ಕೈಗೇ ಬಂತು. ಗುತ್ತಿಗೆದಾರ ಒಂದು ತುಂಡು ತಿಂದು ಕಣ್ಣು ಮುಚ್ಚಿದ. ಇನ್ನೊಂದು ತುಂಡನ್ನು ಅವಳ ಕಡೆ ಚಾಚಿ, ‘ನೀನೂ ತಿಂದು ಹೇಳಮ್ಮ,’ ಎಂದ. ಅವಳು ಹಿಂಜರಿದಳು. ಆಗ ಪರಮಾನಂದ ಸಾರ್ ಹಲ್ಲು ಕಿರಿದು, ‘ತಿನ್ನಮ್ಮ, ಸಾರ್ ಅಷ್ಟು ಪ್ರೀತಿಯಿಂದ ಕೊಡ್ತಿದಾರೆ,’ ಎಂದರು. ಅವಳು ತಿಂದಳು. ‘ಈಗ ಬೆಂದೈತ್ರಿ,’ ಎಂದಳು.

ನಲವತ್ತು ಓವನ್ನಿನ ಆರ್ಡರಿಗೆ ಅಲ್ಲೇ ಸಹಿ ಬಿತ್ತು. ಎಂ.ಡಿ. ಗುತ್ತಿಗೆದಾರನನ್ನು ಕಾರಿನ ತನಕ ಬಿಡಲು ಹೋದರು, ಚನ್ನಕ್ಕ ಪ್ಯಾಕಿಂಗಿಗೆ ಹೋದಳು. ಮುಕ್ಕಾಲು ಮೀನು ಟ್ರೇಯಲ್ಲೇ ಇತ್ತು. ಚಿರಂಜೀವಿ ಬಾಗಿಲು ಹಾಕಿ ಚಿಲಕ ಜಡಿದು, ‘ಸ್ಯಾಂಪಲ್ ವೇಸ್ಟ್ ಮಾಡಬಾರದು,’ ಎಂದರು. ತಲೆ ಅವರು ತೆಗೆದುಕೊಂಡರು. ಹೊಟ್ಟೆಯ ಭಾಗ ನನಗೆ ಸಿಕ್ಕಿತು. ಸುಳ್ಳು ಯಾಕೆ ಹೇಳಲಿ, ಅಂಥ ಮೀನು ನಾನು ಈವರೆಗೆ ತಿಂದಿಲ್ಲ. ಐದೇ ನಿಮಿಷದಲ್ಲಿ ಹನ್ನೊಂದು ಶುದ್ಧ ಸಸ್ಯಾಹಾರಿಗಳು ಅದನ್ನು ಬರೀ ಮುಳ್ಳಾಗಿಸಿದೆವು.

ಬಾಯಿ ಒರೆಸಿಕೊಳ್ಳುತ್ತಲೇ ಎಂ.ಡಿ.ಯವರಿಗೆ ಫೋನ್ ಮಾಡಿ ಮುಗಿಸಿ ಚಿರಂಜೀವಿ ಹೇಳಿದರು: ‘ಶ್ಯಾಮಣ್ಣ, ಆ ಪ್ಯಾಕಿಂಗ್ ಹೆಂಗಸಿಗೊಂದು ಮೆಮೊ ರೆಡಿ ಮಾಡಿ. ಕಂಪನಿ ಒಳಗೆ ಮೀನು ತಿಂದಿದಾಳೆ. ಎಂ.ಡಿ.ಗೂ ಹೇಳಿದೀನಿ. ಗೆಸ್ಟ್ ಮುಂದೆ ಮರ್ಯಾದೆಗೆ ತಿನ್ನು ಅಂದೆ, ಅದು ಪರ್ಮಿಷನ್ ಅಲ್ಲ ಅಂದ್ರು.’ ಕಸ್ಟಮರ್ ಎದುರಿಗೆ ಅವರ ಟೈಮರನ್ನು ಸುಳ್ಳು ಮಾಡಿದ್ದಳಲ್ಲ, ಅದಕ್ಕೆ ಮೆಮೊದಲ್ಲಿ ಕಾಲಂ ಇರಲಿಲ್ಲ. ಮೀನಿಗೆ ಇತ್ತು.

ಎರಡನೇ ಮೆಮೊ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು. ನನಗೆ ನಾಚಿಕೆಯಾಯಿತು. ಆಗಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಚನ್ನಕ್ಕ ನನ್ನ ಮೇಜಿನ ಮುಂದೆ ನಿಂತು ಕಾಗದವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ತನ್ನ ಸಹಿ ಹಾಕಿ ಪೆನ್ನನ್ನು ನನ್ನ ಕಡೆ ನೂಕಿದಳು. ನಾನು ಕಾಗದ ಎಳೆದುಕೊಳ್ಳಲು ಕೈ ಚಾಚಿದಾಗ ಅವಳ ಮೂಗು ಸ್ವಲ್ಪ ಅರಳಿತು.

‘ಕೈ ತೊಳಕೊಂಡು ಸಹಿ ಮಾಡ್ರಿ ಸರ,’ ಎಂದಳು. ‘ಕಾಗದಕ್ಕ ವಾಸನಿ ಹತ್ತತೈತಿ.’

ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದೆ. ಸಹಿ ಹಾಕಿದೆ.