ಕಡೇ ಗಳಿಗೆಯಲ್ಲಿ ಬದಲಾದ ಕಾಕ್‌ಪಿಟ್

ಊಟದ ಮೇಜಿನ ಮುಂದೆ ಕೂತು, ಎರಡೂ ಕೈಯಲ್ಲಿ ಪಾತ್ರೆಯ ಮುಚ್ಚಳ ಹಿಡಿದು ಮಗಳು ಗೋಡೆಯನ್ನೇ ದಿಟ್ಟಿಸುತ್ತಿದ್ದಳು. ಗೋಡೆಯ ಮೇಲೆ ಕಾಕ್‌ಪಿಟ್‌ನ ದೊಡ್ಡ ಚಿತ್ರ, ಮುಚ್ಚಳವೇ ಸ್ಟಿಯರಿಂಗು. ಸಣ್ಣ ವಿಮಾನಗಳನ್ನು ಆರು ವರ್ಷ ಹಾರಿಸಿದವಳು. ಆ ಕಂಪನಿ ಬಾಗಿಲು ಹಾಕಿ ಒಂದೂವರೆ ವರ್ಷವಾಗಿತ್ತು. ಈಗ ದೊಡ್ಡ ಕಂಪನಿಯೊಂದರ ಸಂದರ್ಶನ ಮುಗಿದು, ನೆಲದ ಮೇಲಿನ ಅಣಕು ಕಾಕ್‌ಪಿಟ್‌ನಲ್ಲಿ ಹಾರಿಸಿ ತೋರಿಸುವ ಸಿಮ್ಯುಲೇಟರ್ ಪರೀಕ್ಷೆಯೊಂದೇ ಬಾಕಿ. ಅದೂ ನಾಳಿದ್ದು.

ಪಕ್ಕದಲ್ಲಿ ಅಪ್ಪ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು.

"ವೇಗ ಇನ್ನೂರೈವತ್ತು. ವಿಮಾನದ ಮೂಗು ಎಷ್ಟು ಮೇಲಿರ್ಬೇಕು?"

"ಐದು ಡಿಗ್ರಿ."

"ಒಂದು ಎಂಜಿನ್ ಕೈಕೊಡ್ತು."

"ಮೊದ್ಲು ಕಾಲಲ್ಲಿ ಪೆಡಲ್ ಒತ್ತಿ ನೇರ ಇಡ್ತೀನಿ. ಮಿಕ್ಕಿದ್ದೆಲ್ಲ ಆಮೇಲೆ."

ಹದಿನೈದು ದಿನದಿಂದ ಇದೇ ಪಾರಾಯಣ. ಅಷ್ಟರಲ್ಲಿ ಫೋನು ಬಂತು. ಕಂಪನಿಯ ಗುಮಾಸ್ತ.

"ಮೇಡಂ, ಆ ಸಿಮ್ಯುಲೇಟರ್ ರಿಪೇರಿಗೆ ಹೋಗಿದೆ. ನಿಮಗೆ ಕೋಲಿರೋ ಬೇರೆ ಮಾದರೀದು ಹಾಕಿದೀವಿ."

"ಅದರಲ್ಲಿ ಸ್ಟಿಯರಿಂಗೇ ಇಲ್ವಲ್ಲ! ಪಕ್ಕದಲ್ಲಿ ಸಣ್ಣ ಕೋಲು. ನಾನು ಕಲಿತಿರೋದು..."

"ಎರಡೂ ವಿಮಾನಾನೇ ತಾನೇ ಮೇಡಂ?" ಎಂದು ಇಟ್ಟೇಬಿಟ್ಟ.

ಅವಳು ಮುಚ್ಚಳವನ್ನು ಮೇಜಿನ ಮೇಲೆ ಕುಕ್ಕಿದಳು. ಹದಿನೈದು ದಿನದ ಬೆವರು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

"ಹೋಗ್ಲಿ ಬಿಡೇ," ಎಂದರು ಅಪ್ಪ. "ಕುಣಿಯೋಕೆ ಬಂದವಳು ನೆಲ ಡೊಂಕು ಅನ್ನಬಾರದು."

"ನೆಲವೇ ಬದಲಾಯಿಸಿದಾರೆ ಅಪ್ಪಾ! ಬಸ್ಸು ಅಂದ್ಕೊಂಡ್ರಾ ಇದನ್ನ?"

ಬಾಯಿ ಜಾರಿತ್ತು. ಅಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದರು. ಅವಳಿಗೆ ಗುಮಾಸ್ತನ ಮೇಲಿನ ಸಿಟ್ಟಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಗಂಟೆ ಬಿಟ್ಟು ಅಪ್ಪ ಬಂದರು. ಕಂಕುಳಲ್ಲಿ ಸುರುಳಿ. ಜೆರಾಕ್ಸ್ ಅಂಗಡಿಯಲ್ಲಿ ಹೊಸ ಮಾದರಿಯ ಚಿತ್ರ ಹುಡುಕಿಸಿ, ನಾಲ್ಕು ಹಾಳೆಗಳಲ್ಲಿ ಮುದ್ರಿಸಿ, ಸೊಟ್ಟಸೊಟ್ಟ ಅಂಟಿಸಿಕೊಂಡು ತಂದಿದ್ದರು. ಹಳೆಯದನ್ನು ಕಿತ್ತು ಇದನ್ನು ಹಚ್ಚಿ, ಅವಳ ಕೈಗೊಂದು ಸೌಟು ಕೊಟ್ಟರು.

"ಹೊಸ ಬಸ್ಸು ಕೊಟ್ಟಾಗ ನಾನು ಮೊದ್ಲು ಡಿಪೋದಲ್ಲೇ ಸುಮ್ನೆ ಕೂತು, ಕೈ ಎಲ್ಲಿಗೆ ಹೋಗ್ಬೇಕು ಅಂತ ನೋಡ್ಕೋತಿದ್ದೆ. ಕೂತ್ಕೋ."

"ತಪ್ಪಾಯ್ತು ಅಪ್ಪ."

"ಆಮೇಲೆ ಹೇಳುವೆಯಂತೆ. ವೇಗ ಇನ್ನೂರೈವತ್ತು. ಮೂಗು?"

ಹೊಸ ಅಂಕಿಗಳು ಹಳೆಯವುಗಳ ಜೊತೆ ಕಲಸಿಹೋಗಿ ಎರಡು ದಿನವೂ ತಲೆ ಕೆಟ್ಟು ಗೊಬ್ಬರವಾಯಿತು.

ಪರೀಕ್ಷೆಯ ದಿನ, ಕೋಲನ್ನು ಎಷ್ಟು ಮೆಲ್ಲಗೆ ಮುಟ್ಟಿದರೂ ವಿಮಾನ ಕುಡಿದವನಂತೆ ತೂರಾಡಿತು. ಎಂಜಿನ್ ಕೈಕೊಟ್ಟಾಗ ಮಾತ್ರ ಕಾಲು ತಾನಾಗಿ ಸರಿಯಾದ ಕಡೆ ಒತ್ತಿತು. ಇಳಿಯುವಾಗ ರನ್‌ವೇ ಒಂದು ಪಕ್ಕಕ್ಕೆ ಸರಿದುಹೋಯಿತು. ಮೊಂಡುತನ ಮಾಡದೆ ಅವಳು ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿದಳು. ಎರಡನೇ ಸಲ ಇಳಿದಳು. ಹಲ್ಲು ಕಟಕಟಿಸುವಷ್ಟು ಜೋರಾಗಿ.

"ಈ ಮಾದರಿ ಎಷ್ಟು ದಿನ ಅಭ್ಯಾಸ ಮಾಡಿದ್ರಿ?" ಪರೀಕ್ಷಕರು ಕೇಳಿದರು.

"ಇವತ್ತೇ ಮೊದಲು ಮುಟ್ಟಿದ್ದು ಸರ್."

ಅವರು ಹುಬ್ಬೇರಿಸಿ ಏನೋ ಬರೆದುಕೊಂಡರು, ಅಷ್ಟೆ.

ನಾಲ್ಕು ದಿನದ ಮೇಲೆ ಪತ್ರ ಬಂತು: ತೀರ್ಮಾನಗಳು ಸರಿ, ಕೈ ಹದ ಸಾಲದು, ಒಂದು ತಿಂಗಳ ನಂತರ ಮತ್ತೆ ಬನ್ನಿ.

"ಪಾಸೋ ಫೇಲೋ?" ಎಂದರು ಅಪ್ಪ.

"ಎರಡೂ ಅಲ್ಲ. ತ್ರಿಶಂಕು."

ಅವಳು ಗುಮಾಸ್ತನಿಗೆ ಫೋನು ಹಚ್ಚಿದಳು. "ಮುಂದಿನ ಸಲ ಯಾವ ಮಾದರಿ ಅಂತ ಬರೆದು ಕಳಿಸಿ. ಅಲ್ಲೀವರೆಗೂ ನಾನು ಫೋನ್ ಇಡಲ್ಲ." ಇಪ್ಪತ್ತು ನಿಮಿಷ ಕಾಯಿಸಿದ, ಅವಳು ಇಡಲಿಲ್ಲ. ಕೊನೆಗೆ ಕಳಿಸಿದ: ಅದೇ ಕೋಲಿನದು.

ಮುಂದಿನ ತಿಂಗಳು ಮೊದಲ ಸಲಕ್ಕೇ ರನ್‌ವೇಯ ನಡುಗೆರೆ ಹಿಡಿದು ಇಳಿದಳು. ಕೆಲಸ ಸಿಕ್ಕಿತು. ಶುಭ ಸುದ್ದಿ ಹೇಳಲು ಫೋನು ಮಾಡಿದವನೂ ಅದೇ ಗುಮಾಸ್ತ. ಅವಳು ಒಳ್ಳೆಯ ಮಾತಲ್ಲೇ ಥ್ಯಾಂಕ್ಸ್ ಹೇಳಿದಳು. ಫೋನು ಇಟ್ಟ ಮೇಲೆ ಅವನ ಬಗ್ಗೆ ಹೇಳಿದ್ದು ಬೇರೆ. ಅಪ್ಪ ಅದನ್ನು ಕೇಳಿಸಿಕೊಳ್ಳದವರಂತೆ ಆಚೆ ತಿರುಗಿ ಕೂತರು.