ಸದ್ದಡಗಿಸಿದ ಕೋಡ್

ನಮ್ಮ ಆಸ್ಪತ್ರೆಯ ದಾಖಲೆ ವಿಭಾಗದ ಮೇಡಂ ನಿವೃತ್ತರಾಗುವಾಗ ನನಗೆ ಬಿಟ್ಟುಹೋದದ್ದು ಒಂದು ಕುರ್ಚಿ, ಒಂದು ಪಾಸ್‌ವರ್ಡ್ ಮತ್ತು ತಮ್ಮ ಬೆರಳುಗಳ ಅಭ್ಯಾಸ. ಟೆಕ್ಸ್ಟ್ ಎಡಿಟರಿನಲ್ಲಿ ಒಮ್ಮೆ ಒತ್ತಿದ ಕೀಲಿಗಳನ್ನು ರೆಕಾರ್ಡ್ ಮಾಡಿಟ್ಟರೆ, ಹೇಳಿದಷ್ಟು ಸಲ ಅದು ತಾನೇ ಒತ್ತುತ್ತದೆ. ಕಿಡ್ನಿಗಾಗಿ ಕಾಯುವವರ ಪಟ್ಟಿಯನ್ನು ಪ್ರತಿ ಸೋಮವಾರ ಅವರು ಹೀಗೇ ಶುಚಿ ಮಾಡುತ್ತಿದ್ದರು. ಪಟ್ಟಿಯ ತಲೆಯಿಂದ 'ಮೃತ' ಎಂಬ ಗುರುತು ಹುಡುಕುವುದು, ಆ ಸಾಲನ್ನು ಕತ್ತರಿಸಿ ಇನ್ನೊಂದು ಕಡತಕ್ಕೆ ಹಾಕುವುದು, ಮತ್ತೆ ಹುಡುಕುವುದು. ಗುರುತು ಸಿಗದಿದ್ದಾಗ ಎಡಿಟರ್ 'ಬೀಪ್' ಎಂದು ಕಿರುಚಿ ನಿಂತುಬಿಡುತ್ತಿತ್ತು.

ಆ ಸದ್ದೆಂದರೆ ನನಗೆ ಮೈಯೆಲ್ಲ ಉರಿ. ಅವರ ಒಂದೊಂದು ಕೀಲಿಯನ್ನೂ ಕೋಡಿಗೆ ಇಳಿಸಿ, ಸೋಮವಾರ ಒಂಬತ್ತಕ್ಕೆ ತಾನೇ ಓಡುವ ಪ್ರೋಗ್ರಾಂ ಮಾಡಿದೆ. ಹೊರಡುವ ದಿನ ಮೇಡಂ ಕನ್ನಡಕ ಏರಿಸಿ ಅದನ್ನು ಓದಿದರು.

"ಗುರುತು ಸಿಗದಿದ್ರೆ ಏನ್ ಮಾಡುತ್ತೆ ಇದು?"

"ಗಲಾಟೆ ಮಾಡದೆ ಮುಂದಕ್ಕೆ ಹೋಗುತ್ತೆ ಮೇಡಂ."

"ಮುಂದಕ್ಕೆ ಅಂದ್ರೆ ಎಲ್ಲಿಗಪ್ಪಾ?"

ನಾನು ನಕ್ಕೆ. ಅವರು ನಗಲಿಲ್ಲ. ವಯಸ್ಸಾದವರಿಗೆ ಹೊಸದು ಹಿಡಿಸುವುದಿಲ್ಲ ಎಂದುಕೊಂಡು ಅವರ ಚೀಲ ಎತ್ತಿಕೊಂಡು ಬಾಗಿಲವರೆಗೆ ಬಿಟ್ಟುಬಂದೆ.

ಆ ಪಟ್ಟಿಯಲ್ಲಿ ನನ್ನ ಅಕ್ಕನೂ ಇದ್ದಳು, ಹತ್ತೊಂಬತ್ತನೆಯವಳಾಗಿ. ತಾಯಿಯಿಲ್ಲದ ನನ್ನನ್ನು ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಈಗ ಮೂರು ವರ್ಷದಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾಳೆ. ನನ್ನ ಕೋಡ್ ಶುರುವಾದ ಮೇಲೆ ಅವಳ ಸರದಿ ಸರಸರ ಮೇಲೇರಿತು. ಹದಿನಾರು, ಹನ್ನೊಂದು, ಆರು.

"ಏನೋ ಇದು, ನಿನ್ನ ಪ್ರೋಗ್ರಾಂ ಕಾಲ್ಗುಣ ಚೆನ್ನಾಗಿದೆ!" ಎಂದು ಅಕ್ಕ ನಗುತ್ತಿದ್ದಳು. ನಾನೂ ಬೀಗಿದೆ.

ಏಳನೆಯ ಸೋಮವಾರ ಕಳೆದು ಮಂಗಳವಾರ ಒಬ್ಬ ಹೆಂಗಸು ನನ್ನ ಕಿಟಕಿಗೆ ಬಂದರು. "ನಮ್ಮನೆಯವರ ಹೆಸರು ಪಟ್ಟಿಯಲ್ಲಿ ಇಲ್ವಂತೆ ಸರ್. ಅವ್ರಿಗೇನೂ ಆಗಿಲ್ಲ, ಅಲ್ಲೇ ಕೂತಿದಾರೆ ನೋಡಿ."

ನೋಡಿದೆ. ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದರು. ಅವರ ಹೆಸರು ಸತ್ತವರ ಕಡತದಲ್ಲಿತ್ತು. ಅವರದೊಂದೇ ಅಲ್ಲ, ಬದುಕಿರುವ ಏಳು ಜನ ಅಲ್ಲಿದ್ದರು.

ಸತ್ತವರ ಸಾಲು ಕತ್ತರಿಸಿದ ಮೇಲೆ ಕರ್ಸರ್ ಅದರ ಕೆಳಗಿನ ಸಾಲಿನ ಮೇಲೆ ಬಂದು ನಿಲ್ಲುತ್ತದೆ. ಇನ್ನೊಂದು ಗುರುತು ಸಿಗದಿದ್ದರೆ ಮೇಡಂ ರೆಕಾರ್ಡಿಂಗ್ ಕಿರುಚಿ ಅಲ್ಲಿಗೇ ಕೈಬಿಡುತ್ತಿತ್ತು. ನಾನು ಬಾಯಿ ಕಟ್ಟಿದ ಕೋಡ್ ಮಾತ್ರ ತೆಪ್ಪಗೆ ಆ ಕೆಳಗಿನ ಸಾಲನ್ನೂ ಕತ್ತರಿಸಿ ಮುಗಿಸುತ್ತಿತ್ತು. ವಾರಕ್ಕೊಬ್ಬರು, ಬದುಕಿದ್ದವರು.

ಏಳು ಹೆಸರೂ ಅಕ್ಕನಿಗಿಂತ ಮೇಲಿದ್ದವು. ಈಗ ಅವಳು ಎರಡನೆಯವಳು. ಅವರನ್ನು ವಾಪಸು ಸೇರಿಸಿದರೆ ಒಂಬತ್ತನೆಯವಳು.

"ಸಿಸ್ಟಂ ತೊಂದರೆ ಅಮ್ಮಾ, ಮುಂದಿನ ವಾರ ಬನ್ನಿ" ಎಂದೆ. ಹೇಳುವಾಗಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹೇಳಿದೆ. ಅಕ್ಕನದು ಆಗಿಬಿಡಲಿ, ಆಮೇಲೆ ಎಲ್ಲರನ್ನೂ ಸೇರಿಸಿದರಾಯಿತು ಎಂಬುದು ನನ್ನ ಲೆಕ್ಕ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹೀಗೇ ಇರಬೇಕು.

ಬುಧವಾರ ಮೊದಲನೆಯವರಿಗೆ ಕಿಡ್ನಿ ಸಿಕ್ಕಿತು. ಅಕ್ಕ ಒಂದನೆಯವಳಾದಳು, ಚೀಲ ತುಂಬಿಸಿಟ್ಟಳು. ಕೋಡನ್ನು ನಾನು ಮುಟ್ಟಲಿಲ್ಲ. ಯಾರು, ಯಾವಾಗ ತಿದ್ದಿದರು ಎಂಬುದು ಅಲ್ಲಿ ದಾಖಲಾಗುತ್ತದೆ. ಅದು ಕತ್ತರಿಸುವುದು ಸತ್ತವರ ಕೆಳಗಿನವರನ್ನು. ಅಕ್ಕನ ಮೇಲೆ ಯಾರೂ ಇಲ್ಲವಲ್ಲ, ಅವಳಿಗೇನು ಭಯ?

ಸೋಮವಾರ ಒಂಬತ್ತಕ್ಕೆ ಮೊದಲು ಸತ್ತವರಿಗೆ ಗುರುತು ಹಾಕುವ ವಾರ್ಡಿನ ನರ್ಸ್ ಫೋನ್ ಮಾಡಿದರು. "ಈ ವಾರ ಪಟ್ಟಿಯವರಲ್ಲಿ ಯಾರೂ ಹೋಗಿಲ್ಲ, ಗುರುತು ಒಂದೂ ಇಲ್ಲ." ಒಳ್ಳೆಯದೇ ಆಯಿತು ಎಂದೆ.

ಹನ್ನೊಂದಕ್ಕೆ ಅಕ್ಕನ ಫೋನ್. "ಕಿಡ್ನಿ ಬಂದಿದೆ ಅಂತ ಗೊತ್ತಾಗಿ ಓಡ್ಬಂದೆ ಕಣೋ. ಬೇರೆ ಯಾರನ್ನೋ ರೆಡಿ ಮಾಡ್ತಿದಾರೆ. ನನ್ನ ಹೆಸರೇ ಇಲ್ವಂತೆ!"

ಆಗ ಹೊಳೆಯಿತು. ಗುರುತು ಒಂದೂ ಇಲ್ಲದಿದ್ದರೆ ಕರ್ಸರ್ ಪಟ್ಟಿಯ ತಲೆಯಲ್ಲೇ ನಿಂತಿರುತ್ತದೆ. ಅದು ನಿಂತ ಸಾಲನ್ನು ಕೋಡ್ ಕತ್ತರಿಸುತ್ತದೆ.

ಡಾಕ್ಟರ ಕೋಣೆಗೆ ಓಡಿದೆ. ಅಕ್ಕ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. "ಕೋಡಿನ ತಪ್ಪು ಡಾಕ್ಟ್ರೇ, ಅಕ್ಕನ ಹೆಸರು ಬಿಟ್ಟುಹೋಗಿದೆ. ದಯವಿಟ್ಟು ನಿಲ್ಲಿಸಿ."

"ಇವರೊಬ್ಬರದ್ದೇನಾ?"

"ಒಬ್ಬರದ್ದೇ."

ಡಾಕ್ಟರು ತಮ್ಮ ಪರದೆಯಲ್ಲಿ ಸತ್ತವರ ಕಡತ ತೆರೆದರು. ಒಂದೊಂದೇ ಸಾಲು ಕೆಳಗಿಳಿದ ಅವರ ಬೆರಳು ಬೆಂಚಿನ ಮೇಲಿದ್ದವರ ಹೆಸರಿನ ಮೇಲೆ ನಿಂತಿತು.

"ಹೋದ ಬುಧವಾರದ ಕಿಡ್ನಿ ಇವರಿಗೆ ಸಿಗಬೇಕಿತ್ತು" ಎಂದರು ಮೆಲ್ಲಗೆ. "ನಿನ್ನೆ ಸಂಜೆ ತೀರ್ಕೊಂಡ್ರು. ಪಟ್ಟಿಯಲ್ಲಿ ಹೆಸರೇ ಇಲ್ಲದ್ದಕ್ಕೆ ಯಾರೂ ಗುರುತು ಹಾಕ್ಲಿಲ್ಲ. ಬದುಕಿರೋ ಇನ್ನೂ ಆರು ಜನ ಇಲ್ಲಿದಾರೆ."

ಅಕ್ಕ ನನ್ನನ್ನೇ ನೋಡಿದಳು. ಚಿಕ್ಕಂದಿನಿಂದಲೂ ನನ್ನ ಸುಳ್ಳು ಅವಳ ಮುಂದೆ ನಡೆದದ್ದಿಲ್ಲ.

"ನಿಂಗೆ ಯಾವತ್ತು ಗೊತ್ತಾಯ್ತು?"

"ಮಂಗಳವಾರ. ನಿನಗೋಸ್ಕರ ಅಕ್ಕಾ."

ಅವಳು ಎದ್ದಳು. ನಾನು ಚೀಲಕ್ಕೆ ಕೈಚಾಚಿದೆ, ಕೊಡಲಿಲ್ಲ.

"ಡಾಕ್ಟ್ರೇ, ಅವ್ರನ್ನೆಲ್ಲ ಮೊದಲು ಸೇರಿಸಿ. ನಂದು ಎಲ್ಲಿ ಬರುತ್ತೋ ಬರ್ಲಿ" ಎಂದಳು. ಬಾಗಿಲಲ್ಲಿ ನನ್ನತ್ತ ತಿರುಗಿದಳು. "ತೀರ್ಕೊಂಡವ್ರ ಮನೆಗೆ ನೀನೇ ಹೋಗಿ ಹೇಳು. ನನಗೋಸ್ಕರ ಮಾಡಿದ್ದು ಅಂತ ಮಾತ್ರ ಹೇಳ್ಬೇಡ."