ಎಡಗಡೆಯ ಬಾಗಿಲು

ಹುಲ್ಲಿನ ಪಿಂಡಿಗಳ ಕೆಳಗೆ ಹೂತುಹೋಗಿದ್ದ ಕಾರನ್ನು ಕಾರ್ಲ್ ಪಾರ್ಗೆಟರ್ ಎಳೆದು ತಂದ ದಿನ, ಕವೆಂಟ್ರಿಯ ಬೀದಿಯುದ್ದಕ್ಕೂ ತುಕ್ಕಿನ ಪುಡಿ ಉದುರುತ್ತ ಬಂದಿತ್ತು. ಮೇಲ್ಛಾವಣಿಯಿಲ್ಲದ, ಎರಡೇ ಸೀಟಿನ ಎಂ.ಜಿ. ಒಂದು ಕಾಲಕ್ಕೆ ಕೆಂಪು ಬಣ್ಣದ್ದು. ಈಗ ಅದರ ಬಣ್ಣ ಯಾವುದು ಎಂದು ಯಾರಾದರೂ ಕೇಳಿದರೆ ಕಾರ್ಲ್ ಜಗಳಕ್ಕೇ ನಿಲ್ಲುತ್ತಿದ್ದ. ಅವನಿಗೆ ಜಗಳಕ್ಕೆ ಕಾರಣ ಬೇಕಾಗಿರಲಿಲ್ಲ, ಎದುರಿಗೊಬ್ಬ ಸಿಕ್ಕರೆ ಸಾಕಿತ್ತು.

ಕಾರು ತಂದದ್ದು ಅಪ್ಪನಿಗಾಗಿ. ಅಪ್ಪ ಡೆಸ್ಮಂಡ್ ಕಾರ್ಖಾನೆಯಲ್ಲಿ ಇಂಥವೇ ಕಾರುಗಳಿಗೆ ಬಾಗಿಲು ಕೂರಿಸುತ್ತಿದ್ದವನು. ಬಾಗಿಲಿನ ಸುತ್ತ ಬಿಡುವ ಸಂದಿಯನ್ನು ಅವನು ಪಟ್ಟಿಯಿಟ್ಟು ಅಳೆದವನಲ್ಲ. ಹಳೆಯ ಎರಡು ಪೆನ್ನಿ ನಾಣ್ಯಗಳನ್ನು ಬೆಸೆದು ಒಂದು ಮಾಡಿಕೊಂಡಿದ್ದ. ಆ ಜೋಡಿ ಪೆನ್ನಿ ಸಂದಿಯೊಳಗೆ ಮೇಲಿಂದ ಕೆಳಗಿನವರೆಗೆ ಎಲ್ಲೂ ತಡೆಯದೆ, ಎಲ್ಲೂ ಅಲ್ಲಾಡದೆ ಜಾರಬೇಕು. ಜಾರಿದರೆ ಬಾಗಿಲು ಕೂತಂತೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಅಪ್ಪನ ಶ್ವಾಸಕೋಶ ಮುಚ್ಚುತ್ತಿತ್ತು. ಸಾಯುವವರನ್ನೇ ಇಟ್ಟುಕೊಳ್ಳುವ ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಹಾಸಿಗೆ ಅವನದು.

"ಅಷ್ಟೊಂದು ಕಾರಿಗೆ ಬಾಗ್ಲು ಕೂರ್ಸಿದೆ ಕಣೋ, ಒಂದ್ರಲ್ಲೂ ಕೂತು ಹೋಗ್ಲಿಲ್ಲ," ಎಂದಿದ್ದ. "ಒಂದ್ಸಲ ಎಡಗಡೆ ಸೀಟಲ್ಲಿ ಕೂರ್ಸು. ಬಾಗ್ಲು ನಾನೇ ಎಳ್ಕೋತೀನಿ. ಆ ಸದ್ದು ಕೇಳ್ಬೇಕು, ಅಷ್ಟೇ."

ಎಂಜಿನ್ ಅಷ್ಟು ಕಾಟ ಕೊಡಲಿಲ್ಲ. ಕೆಟ್ಟಿದ್ದದ್ದು ಹೊಸ್ತಿಲು, ಎಂದರೆ ಎರಡೂ ಬಾಗಿಲುಗಳ ಕೆಳಗೆ ಓಡುವ ಉಕ್ಕಿನ ತೊಲೆ. ಸ್ಕ್ರೂಡ್ರೈವರ್ ಒತ್ತಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನೊಳಕ್ಕೆ ಹೋದಂತೆ ಹೋಗುತ್ತಿತ್ತು. ಅದನ್ನು ಬದಲಿಸದೆ ಒಬ್ಬ ಮನುಷ್ಯನನ್ನು ಕೂರಿಸಿದರೆ ಕಾರು ನಡುವಿಗೇ ಮಡಚಿಕೊಳ್ಳುತ್ತಿತ್ತು.

"ಕೊಯ್ಯೋಕೆ ಮುಂಚೆ ಬಾಗ್ಲಿನ ಜಾಗಕ್ಕೆ ಅಡ್ಡ ಕಬ್ಬಿಣ ಬೆಸಿ," ಎಂದ ಅಪ್ಪ, ಮೂಗಿನ ನಳಿಕೆ ಸರಿಮಾಡಿಕೊಳ್ಳುತ್ತ. "ಒಂದು ಕಡೆ ಪೂರ್ತಿ ಮುಗ್ಸಿ ಆಮೇಲೆ ಇನ್ನೊಂದು ಕಡೆ. ತಲೆ ಮೇಲೆ ಛಾವಣಿ ಇಲ್ಲದ್ದು ಅದು, ಹೊಸ್ತಿಲೇ ಅದರ ಬೆನ್ನುಮೂಳೆ."

"ಗೊತ್ತಪ್ಪಾ."

"ಗೊತ್ತು ಅನ್ನೋನೇ ಮೊದ್ಲು ಗುಂಡಿಗೆ ಬೀಳೋದು."

ಎಡಗಡೆಯ ಬಾಗಿಲಂತೂ ಇಲಿ ತಿಂದ ರೊಟ್ಟಿಯಾಗಿತ್ತು. ಹೊಸದಾಗಿ ಒತ್ತಿದ ನಕಲಿ ಬಾಗಿಲು ಬೇಕಾದಷ್ಟು ಸಿಗುತ್ತಿತ್ತು. ಅಪ್ಪ ಒಲ್ಲೆ ಎಂದ. ಆ ಕಾಲದ ಬಾಗಿಲೇ ಬೇಕು. ಆ ಕಾಲದವು ಇದ್ದದ್ದು ನಿವೃತ್ತ ದೊರೆಗಳ ಗ್ಯಾರೇಜುಗಳಲ್ಲಿ, ಕಂಬಳಿ ಹೊದ್ದುಕೊಂಡು. ಅಂಥವನೊಬ್ಬ ಫೋನಿನಲ್ಲಿ, "ಮಾರೋಕಲ್ಲಪ್ಪ, ಸುಮ್ನೆ ಇಟ್ಕೊಂಡಿರೋದು," ಎಂದ. ಬಾಗಿಲು ಕೂರಿಸಿದವನು ಸಾಯುತ್ತಾ ಬಿದ್ದಿದ್ದಾನೆ, ತುಪ್ಪಳದ ಚಪ್ಪಲಿ ಮೆಟ್ಟಿದ ಇವನು ಅದನ್ನು ಗೋಡೆಗೆ ಒರಗಿಸಿಕೊಂಡು ನೋಡುತ್ತಾನೆ! ಕಾರ್ಲ್ ಬೈದ ಬೈಗುಳಕ್ಕೆ ಆ ಫೋನು ಮತ್ತೆ ಅವನ ಕರೆ ಎತ್ತಲಿಲ್ಲ.

ಕೊನೆಗೆ ಬಾಗಿಲು ಸಿಕ್ಕಿದ್ದು ಗುಜರಿಯ ಮರ್ವಿನ್ ಬಿಸೆಲ್‌ನ ಶೆಡ್ಡಿನಲ್ಲಿ.

"ಒಂದು ಹನಿ ಮಳೆ ಬಿದ್ದಿಲ್ಲ ಇದರ ಮೇಲೆ. ಹೆಂಡ್ತಿಗಿಂತ ಚೆನ್ನಾಗಿ ನೋಡ್ಕೊಂಡಿದೀನಿ," ಎಂದ ಮರ್ವಿನ್.

"ಅದ್ಕೇ ಅವ್ಳು ಬಿಟ್ಟೋಗಿದ್ದು."

"ಬಾಯಿ ನೋಡು ಇವಂದು! ನಿಮ್ಮಪ್ಪ ಡೆಸ್‌ಗೆ ನೀನು ಹುಟ್ಟಿದ್ದು ಹೌದಾ? ಅವನು ಮೆತ್ತಗಿನ ಮನುಷ್ಯ." ಧೂಳು ಒರೆಸಿ ಬಾಗಿಲನ್ನು ಅವನ ತೋಳಿಗೆ ಕೊಟ್ಟ. "ತಗೊಂಡ್ ಹೋಗು. ಅವನೇ ಕೂರ್ಸಿದ್ದೂ ಇರಬೋದು. ಗೀರು ಬಿದ್ರೆ ನಿನ್ ಚರ್ಮ ಸುಲೀತೀನಿ."

ಆಸ್ಪತ್ರೆಯ ನರ್ಸ್ ಬ್ರೋನ್ವೆನ್ ಫೋನ್ ಮಾಡಿದ್ದು ಗುರುವಾರ. "ಕಾರ್ಲ್, ಕರ್ಕೊಂಡ್ ಹೋಗೋದಿದ್ರೆ ಭಾನುವಾರದೊಳಗೆ ಕರ್ಕೊಂಡ್ ಹೋಗಪ್ಪ," ಎಂದಳು.

ಕಾರ್ಲ್ ತಾನು ದುಡಿಯುತ್ತಿದ್ದ ಟೈರ್ ಅಂಗಡಿಯ ಕೆಲಸವನ್ನು ಅಲ್ಲೇ ಎಸೆದು ಬಂದ. ಅಡ್ಡ ಕಬ್ಬಿಣ ಬೆಸೆಯಬೇಕು, ಒಂದು ಕಡೆ ಮುಗಿಸಬೇಕು, ಬಿಚ್ಚಬೇಕು, ಮತ್ತೆ ಇನ್ನೊಂದು ಕಡೆ. ಅಷ್ಟು ಹೊತ್ತು ಯಾರಪ್ಪನ ಹತ್ತಿರ ಇದೆ? ಮುಂದಕ್ಕೆರಡು, ಹಿಂದಕ್ಕೆರಡು ಊರುಗಂಬ ಕೊಟ್ಟು ಕಾರನ್ನು ಎತ್ತಿ ನಿಲ್ಲಿಸಿದ. ಬಲಗಡೆ ಕೊಯ್ದ. ಕಾರು ಅಲ್ಲಾಡಲಿಲ್ಲ. ನೋಡಿದೆಯಾ ಮುದುಕಾ, ಎಂದುಕೊಂಡು ಎಡಗಡೆಯೂ ಕೊಯ್ದ. ಕಿಡಿ ಹಾರುವ ಸದ್ದಿನಲ್ಲಿ ಮತ್ತೇನೂ ಕೇಳಿಸಲಿಲ್ಲ. ಶುಕ್ರವಾರ ಮುಗಿಯುವಷ್ಟರಲ್ಲಿ ಹೊಸ ಹೊಸ್ತಿಲು ಎರಡೂ ಕಡೆ ಬೆಸೆದಾಗಿತ್ತು. ಬೆಸುಗೆ ಚೆನ್ನಾಗಿಯೇ ಬಿದ್ದಿತ್ತು.

ಶನಿವಾರ ಬೆಳಿಗ್ಗೆ ಬಾಗಿಲನ್ನು ತಿರುಗಣಿಗೆ ಸಿಕ್ಕಿಸಿ ಮುಚ್ಚಿದ. ಹಿಂದಿನ ಮೇಲ್ಮೂಲೆ ಒಳಗೆ ಹೋಗಲಿಲ್ಲ.

ಭುಜ ಕೊಟ್ಟು ತಳ್ಳಿದ. ಇಲ್ಲ. ತೆಗೆದು, ಮೂಲೆಯನ್ನು ಸಾಣೆಯ ಚಕ್ರಕ್ಕೆ ಕೊಟ್ಟು ಉಜ್ಜಿ, ಮತ್ತೆ ಸಿಕ್ಕಿಸಿದ. ಇಲ್ಲ. ಮತ್ತಷ್ಟು ಉಜ್ಜಿದ. ಆಮೇಲೆ ದೂರ ನಿಂತು ನೋಡಿದ. ಮುದಿ ಕುದುರೆಯ ಬೆನ್ನಿನಂತೆ ಕಾರಿನ ನಡು ಇಳಿದಿತ್ತು. ಬಾಗಿಲಿನ ಜಾಗ ಮೇಲೆ ಕಿರಿದಾಗಿತ್ತು. ಬಗ್ಗಿದ ಬೆನ್ನಿಗೇ ಅವನು ಹೊಸ ಮೂಳೆ ಕೂರಿಸಿದ್ದ.

ಜಾಕ್ ತಂದು ನಡುವಿಗೆ ಕೊಟ್ಟ. ಬೈಯುತ್ತ, ಅಳುತ್ತ, ಒಂದೊಂದೇ ಹಲ್ಲು ಮೇಲೆತ್ತಿದ. ಬೆಸುಗೆ ಬಿರಿಯಿತು. ಅದರ ಹಿಂದೆಯೇ ಅಡಿಯ ತಗಡು ಈ ಬದಿಯಿಂದ ಆ ಬದಿಗೆ ಹಳೆ ಬಟ್ಟೆಯ ಹಾಗೆ ಹರಿಯಿತು. ಕಾರು ಎರಡಾಯಿತು.

ಭಾನುವಾರ ಮರ್ವಿನ್‌ನ ವ್ಯಾನಿನಲ್ಲಿ ಕಾರ್ಲ್ ಬಾಗಿಲನ್ನು ಆಸ್ಪತ್ರೆಗೆ ಒಯ್ದ. ಬೇರೇನು ಒಯ್ಯಬೇಕೋ ತಿಳಿಯಲಿಲ್ಲ. ಬ್ರೋನ್ವೆನ್ ದಾರಿ ಬಿಟ್ಟು ಸರಿದಳು. ಅವನು ಬಾಗಿಲನ್ನು ಹಾಸಿಗೆಯ ಅಂಚಿಗೆ ಒರಗಿಸಿದ.

"ಕಾರು ಬಣ್ಣಕ್ಕೆ ಹೋಗಿದೆಯಪ್ಪಾ. ಬಾಗ್ಲು ನೀನು ನೋಡ್ಲಿ ಅಂತ ತಂದೆ."

"ಸಂದಿ?"

"ಸುತ್ತ ಒಂದೇ ಸಮ. ಪೆನ್ನಿ ಬೆಣ್ಣೆ ಹಾಗೆ ಜಾರತ್ತೆ."

ಅಪ್ಪ ನಕ್ಕ. ಜೋಡಿ ಪೆನ್ನಿ ದಿಂಬಿನ ಕೆಳಗೇ ಇತ್ತು. ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಬಾಗಿಲಿನ ಮೇಲಿಟ್ಟ. ಬೆರಳುಗಳು ಕೆಳಗಿನಿಂದ ಅಂಚು ಹಿಡಿದು ಮೇಲೆ ಹೊರಟವು, ಬೀಗದ ತೂತು ದಾಟಿದವು, ಹಿಂದಿನ ಮೇಲ್ಮೂಲೆಗೆ ಬಂದು ನಿಂತವು. ಹೋದವು, ಮತ್ತೆ ಅಲ್ಲಿಗೇ ಬಂದವು.

"ಉಜ್ಜಿದೀಯ."

ಕಾರ್ಲ್ ಬಾಗಿಲನ್ನು ಮೊಣಕಾಲಿನಿಂದ ಆನಿಸಿ ಹಿಡಿದ.

"ಎರಡೂ ಕಡೆ ಒಟ್ಟಿಗೆ ಕೊಯ್ದ್ಯಾ?"

"ಹೊತ್ತಿರ್ಲಿಲ್ಲ ಅಪ್ಪಾ. ನಿನಗೆ ಹೊತ್ತಿರ್ಲಿಲ್ಲ."

ಅಪ್ಪನ ಎದೆ ಏರಿತು, ಇಳಿಯಿತು. ಬೈಯಲಿ ಎಂದು ಕಾರ್ಲ್ ಕಾದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅದಾದರೂ ಅವನಿಗೆ ಬರುತ್ತಿತ್ತು.

"ಒಳ್ಳೆ ಬಾಗ್ಲು," ಎಂದ ಅಪ್ಪ, ಮೂಲೆಯ ಮೇಲಿಂದ ಬೆರಳು ತೆಗೆಯದೆ. "ಎಂಥ ಒಳ್ಳೆ ಬಾಗ್ಲನ್ನ ಹಾಳ್ ಮಾಡ್ದ್ಯಲ್ಲೋ."

ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದ. ಮಾತಾಡಲಿಲ್ಲ, ಮಂಗಳವಾರದವರೆಗೂ. ಮಂಗಳವಾರ ಮಾತಾಡುವ ಹಾಗಿರಲಿಲ್ಲ.

ಅವನನ್ನು ಒಯ್ಯಲು ಬಂದವರು ತಳ್ಳುಗಾಡಿಯನ್ನು ಒಳಗೆ ತರಲಾರದೆ ನಿಂತರು. ಬ್ರೋನ್ವೆನ್ ಕಾರ್ಲ್‌ನ ಹತ್ತಿರ ಬಂದಳು.

"ತಪ್ಪು ತಿಳ್ಕೋಬೇಡಪ್ಪ. ಆ ಬಾಗ್ಲು ಅಡ್ಡ ಇದೆ. ಸ್ವಲ್ಪ ತೆಗೀತೀಯಾ?"

ಅವನು ಅದನ್ನು ತಬ್ಬಿ ಎತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತ. ತಳ್ಳುಗಾಡಿ ಅವನ ಮುಂದೆಯೇ ಹಾದುಹೋಯಿತು, ಎಲ್ಲೂ ತಗುಲದೆ.